ಎರಡನೇ ಸರ್‌ನೇಮ್ ಎಲ್ಲಿಂದ ತರೋದು?

ಸ್ಪೇನಿನ ಸಲಮಾಂಕಾಕ್ಕೆ ಓದಲು ಬಂದಾಗ ನನಗೆ ಕೈಕೊಟ್ಟಿದ್ದು ಭಾಷೆಯಲ್ಲ, ನನ್ನದೇ ಹೆಸರು.

ಆರು ತಿಂಗಳಿಗಿಂತ ಜಾಸ್ತಿ ಓದುವವರು ಬಂದ ಒಂದು ತಿಂಗಳೊಳಗೆ ಟಿಐಇ ಎಂಬ ಗುರುತಿನ ಕಾರ್ಡಿಗೆ ಅರ್ಜಿ ಹಾಕಬೇಕು. ಅದಕ್ಕೆ ಮೊದಲು ‘ಥೀತಾ’, ಅಂದರೆ ಅಪಾಯಿಂಟ್‌ಮೆಂಟ್ ಬೇಕು. (ನಾನು ಎರಡು ವಾರ ‘ಸೀತಾ, ಸೀತಾ’ ಎನ್ನುತ್ತಿದ್ದೆ.) ‘ಈಗ ಖಾಲಿ ಇಲ್ಲ’ ಎಂದು ವೆಬ್‌ಸೈಟ್ ದಿನವೂ ಹೇಳಿ ಹೇಳಿ, ಕೊನೆಗೊಂದು ಬೆಳಿಗ್ಗೆ ಸಿಕ್ಕಿತು.

ಅರ್ಜಿಯಲ್ಲಿ ಎರಡು ಸರ್‌ನೇಮ್ ಜಾಗ. ಇಲ್ಲಿಯವರಿಗೆ ಸಾಮಾನ್ಯವಾಗಿ ಒಂದು ಅಪ್ಪನ ಕಡೆಯದು, ಇನ್ನೊಂದು ಅಮ್ಮನ ಕಡೆಯದು. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಅಂತ ಇರುವುದು ಅಪ್ಪನ ಹೆಸರೊಂದೇ. ಖಾಲಿ ಬಿಡೋಕೆ ಮನಸ್ಸಾಗದೆ, ಇನಿಷಿಯಲ್ಲಿನ ಊರಿನ ಹೆಸರನ್ನು ಬಿಡಿಸಿ ತುಂಬಿದೆ. ಸುಮ್ನೆ ಜಾಣತನ ಮಾಡಿದೆ, ಅಲ್ವಾ? ಕೌಂಟರಿನಾಕೆ ಪಾಸ್‌ಪೋರ್ಟಿನ ಮೇಲೆ ಪೆನ್ನಿಟ್ಟು, ಅರ್ಜಿಯ ಮೇಲೆ ಪೆನ್ನಿಟ್ಟು, ತಲೆ ಅಲ್ಲಾಡಿಸಿದರು. ವಾಪಸ್.

ಎರಡನೇ ಸಲ ಎಲ್ಲವನ್ನೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಅಕ್ಷರ ಬಿಡದೆ ಬರೆದೆ. ಎರಡನೇ ಸರ್‌ನೇಮ್ ಖಾಲಿ. ವಿದೇಶಿಯರ ಸಂಖ್ಯೆ, ಅಂದರೆ ಎನ್‌ಐಇ, ವೀಸಾ ಚೀಟಿಯ ಮೇಲೇ ಇತ್ತು, ಅದನ್ನೇ ಇಳಿಸಿಕೊಂಡೆ. ಶುಲ್ಕ ಕಟ್ಟುವ 790-012 ಫಾರಂನಲ್ಲೂ ಹಳೆಯ ಹೆಸರೇ ಇತ್ತು. ಹಾಗಾಗಿ ಹೊಸದು ತುಂಬಿ ಬ್ಯಾಂಕಿನಲ್ಲಿ ಮತ್ತೆ ದುಡ್ಡು ಕಟ್ಟಿದೆ. ಹೊಟ್ಟೆ ಉರಿಯಿತು.

‘ಎರಡನೇ ಸರ್‌ನೇಮ್?’ ಎಂದು ಕೇಳಿದರು. ‘ನೋ ತೆಂಗೊ’ ಅಂದೆ, ನನಗಿಲ್ಲ ಅಂತ. ಬೆರಳಚ್ಚು ತೆಗೆದುಕೊಂಡು ಕಳಿಸಿದರು.