ಫ್ಲೋರಿನ್ ಇಲ್ಲದ ಫೋಮ್‌ಗೆ ಬದಲಾಗುವುದು ಹೇಗೆ

ಹಳೇ ಎಎಫ್‌ಎಫ್‌ಎಫ್ (ಪೆಟ್ರೋಲಿನಂಥ ಇಂಧನದ ಬೆಂಕಿ ಆರಿಸುವ, ಫ್ಲೋರಿನ್ ಇರುವ ಫೋಮ್) ಖಾಲಿ ಮಾಡಿ, ಅದೇ ಟ್ಯಾಂಕಿಗೆ ಫ್ಲೋರಿನ್ ಇಲ್ಲದ ಫೋಮ್ ಸುರಿದರೆ ಮುಗೀತು ಅಂದುಕೊಂಡಿದ್ದರೆ ಸ್ವಲ್ಪ ತಡೆಯಿರಿ. ಎರಡೂ ಬೆಂಕಿ ಆರಿಸುವ ರೀತಿಯೇ ಬೇರೆ.

ಫ್ಲೋರಿನ್ ಇರುವ ಸರ್ಫ್ಯಾಕ್ಟೆಂಟ್ (ಫೋಮ್‌ನಲ್ಲಿರುವ ಸೋಪಿನಂಥ ಪದಾರ್ಥ) ನೀರಿನ ಮೇಲ್ಮೈ ಎಳೆತವನ್ನು ಮೀಟರಿಗೆ 72 ಮಿಲಿನ್ಯೂಟನ್‌ನಿಂದ ಸುಮಾರು 16-17ಕ್ಕೆ ಇಳಿಸುತ್ತದೆ. ಪೆಟ್ರೋಲಿನದ್ದು 20ರ ಆಸುಪಾಸು, ಹಾಗಾಗಿ ನೀರಿನ ತೆಳು ಪದರವೊಂದು ಅದರ ಮೇಲೆ ತಾನಾಗಿಯೇ ಹರಡಿಕೊಳ್ಳುತ್ತದೆ. ಮಾಮೂಲಿ ಸರ್ಫ್ಯಾಕ್ಟೆಂಟ್‌ಗಳು 25ರ ಹತ್ತಿರವೇ ನಿಂತುಬಿಡುತ್ತವೆ. ಪದರ ಹುಟ್ಟುವುದಿಲ್ಲ. ಆವಿಯನ್ನು ತಡೆಯುವ ಕೆಲಸವೆಲ್ಲ ನೊರೆಯ ಹೊದಿಕೆಯದ್ದೇ.

ಅದಕ್ಕೇ ಕೊಳ್ಳುವಾಗ ಆಲ್ಕೈಲ್ ಪಾಲಿಗ್ಲೂಕೋಸೈಡ್, ಬೀಟೇನ್ ಅಂತ ಸರ್ಫ್ಯಾಕ್ಟೆಂಟ್ ಹೆಸರು ನೋಡಿ ಮರುಳಾಗಬೇಡಿ. ಫೋಮ್ ಬೆಂಕಿ ಆರಿಸುತ್ತದೆಯೇ ಅಂತ ನೋಡುವ ಇಎನ್ 1568 (ಯುರೋಪಿನದ್ದು) ಅಥವಾ ಯುಎಲ್ 162 (ಅಮೆರಿಕದ್ದು) ಪರೀಕ್ಷೆಯ ವರದಿ ಕೇಳಿ. ಯಾವ ಇಂಧನ, ಯಾವ ನಾಜಲ್, ನಿಮಿಷಕ್ಕೆ ಎಷ್ಟು ಲೀಟರ್ ಅನ್ನೋದನ್ನೂ ಕೇಳಿ, ಏಕೆಂದರೆ ಹೆಪ್ಟೇನ್ (ಪರೀಕ್ಷೆಗೆ ಬಳಸುವ ಇಂಧನ) ಮೇಲೆ ಪಾಸಾದ ಫೋಮ್ ಪೆಟ್ರೋಲಿನ ಮೇಲೆ ಒದ್ದಾಡುವುದುಂಟು. ಆಲ್ಕೋಹಾಲ್ ಇಟ್ಟುಕೊಂಡಿದ್ದರೆ ಅದರ ಪರೀಕ್ಷೆ ಬೇರೆಯೇ ಇದೆ.

ಈಗ ಟ್ಯಾಂಕ್. ನನ್ನ ಪ್ರಕಾರ ಜಾಸ್ತಿ ಜನ ಅವಸರ ಮಾಡುವುದು ಇಲ್ಲೇ. ಹಳೇ ಸರ್ಫ್ಯಾಕ್ಟೆಂಟ್ ಟ್ಯಾಂಕ್ ಗೋಡೆ, ಪೈಪ್, ಗ್ಯಾಸ್ಕೆಟ್ಟಿಗೆಲ್ಲ ಅಂಟಿರುತ್ತದೆ, ಒಂದು ಸಲ ನೀರು ಹಾಯಿಸಿದರೆ ಹೋಗುವುದಿಲ್ಲ. ಹಲವು ಸಲ ತೊಳೆಯಿರಿ, ಹೋಸ್ ಮತ್ತು ಗ್ಯಾಸ್ಕೆಟ್ ಬದಲಿಸಿ, ಕೊನೆಯ ನೀರಿನ ಸ್ಯಾಂಪಲ್ಲನ್ನು ಲ್ಯಾಬಿಗೆ ಕಳಿಸಿ. ತೊಳೆದ ನೀರು ಚರಂಡಿಗೆ ಹೋಗಲೇಬಾರದು. ಇಂಥ ಫ್ಲೋರಿನ್ ರಾಸಾಯನಿಕಗಳಾದ ಪಿಎಫ್‌ಒಎಸ್ 2009ರಲ್ಲಿ, ಪಿಎಫ್‌ಒಎ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಪರಿಸರದಲ್ಲಿ ಕರಗದೆ ಉಳಿಯುವ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿ ಸೇರಿದ್ದು ಸುಮ್ನೆ ಅಲ್ಲ.

ಹೊಸ ಫೋಮ್‌ಗಳಲ್ಲಿ ಹಲವಕ್ಕೆ ಜಾಂಥನ್ ಗಮ್ (ದ್ರವವನ್ನು ಮಂದ ಮಾಡುವ ಅಂಟು) ಹಾಕಿರುತ್ತಾರೆ, ಜೇನಿನ ಹಾಗೆ ನಿಧಾನಕ್ಕೆ ಇಳಿಯುತ್ತದೆ, ಚಳಿಯಲ್ಲಂತೂ ಇನ್ನೂ ನಿಧಾನ. ಹಳೇ ಪ್ರೊಪೋರ್ಷನರ್ (ನೀರಿಗೆ ಫೋಮ್ ದ್ರವವನ್ನು ಅಳತೆಯಲ್ಲಿ ಬೆರೆಸುವ ಸಾಧನ) ಅದನ್ನು ಸರಿಯಾಗಿ ಎಳೆಯದೆ 3%ರ ಬದಲು 2% ಕೊಟ್ಟರೆ ನೊರೆ ನಿಲ್ಲುವುದಿಲ್ಲ. ನೀರು ಹಾಯಿಸಿ ಅಳೆದರೆ ಗೊತ್ತಾಗಲ್ಲ, ಅದೇ ಫೋಮ್ ಹಾಯಿಸಿ ಅಳೆಯಿರಿ. ಎರಡು ಕಂಪನಿಯ ಫೋಮ್ ಬೆರೆಸುವ ಮಾತೇ ಬೇಡ.

ನಾಜಲ್ ಗಾಳಿ ಎಳೆದುಕೊಳ್ಳುವಂಥದ್ದಿರಲಿ. ಇಂಧನದೊಳಕ್ಕೆ ನೇರವಾಗಿ ಹೊಡೆದರೆ ನೊರೆ ಮುಳುಗಿ, ಇಂಧನ ಹೊತ್ತುಕೊಂಡು ಮೇಲೆ ಬರುತ್ತದೆ, ಆಮೇಲೆ ಆ ನೊರೆಯೇ ಉರಿಯಬಹುದು! ಪಕ್ಕದ ಗೋಡೆಗೆ ಹೊಡೆದು ಮೆಲ್ಲಗೆ ಇಳಿಬಿಡಿ, ಇಲ್ಲಾ ಮುಂದಿನ ನೆಲಕ್ಕೆ ಹೊಡೆದು ಉರುಳಿಬರಲು ಬಿಡಿ. ಹಳೇ ಫೋಮ್‌ಗೆ ಕೈ ಪಳಗಿದವರಿಗೆ ಇದರ ಅಭ್ಯಾಸ ಮತ್ತೆ ಮಾಡಿಸಬೇಕು.

ಫ್ಲೋರಿನ್ ಇಲ್ಲ ಅಂತ ಇದನ್ನೂ ಕೆರೆಗೆ ಬಿಡಬೇಡಿ. ಕೊಳೆಯುವಾಗ ನೀರಿನ ಆಮ್ಲಜನಕ ತಿಂದು ಮೀನು ಸಾಯಿಸುತ್ತದೆ.