ಬೆರಳು ಮಡಚುವ ಸ್ನಾಯು ಎಲ್ಲಿದೆ? ರಟ್ಟಿನ ಕೈ ಮಾಡಿ ನೋಡಿ

ಬಲಗೈಯನ್ನು ಮೊಣಕೈಗಿಂತ ಸ್ವಲ್ಪ ಕೆಳಗೆ ಎಡಗೈಯಿಂದ ಗಟ್ಟಿಯಾಗಿ ಹಿಡಿಯಿರಿ. ಈಗ ಬಲಗೈ ಬೆರಳುಗಳನ್ನು ಮಡಚಿ, ಬಿಡಿಸಿ. ಚರ್ಮದ ಕೆಳಗೆ ಏನೋ ಉಬ್ಬಿ ಇಳಿಯುತ್ತದೆ, ಅಲ್ವಾ? ಬೆರಳನ್ನು ಮಡಚುವ ಮುಖ್ಯ ಸ್ನಾಯು ಇರುವುದು ಅಲ್ಲೇ. ಅದರ ಎಳೆತವನ್ನು ಬೆರಳ ತುದಿವರೆಗೆ ಮುಟ್ಟಿಸುವುದು ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹಗ್ಗದಂಥ ಗಟ್ಟಿ ಎಳೆ. ಬೆರಳು ಇಷ್ಟು ಸಣ್ಣಗಿದ್ದೂ ಇಷ್ಟು ಬಿಗಿಯಾಗಿ ಹಿಡಿಯುವುದು ಈ ಏರ್ಪಾಡಿನಿಂದ.

ನೋಟ್‌ಬುಕ್ಕಿನ ಹಳೆ ರಟ್ಟು, ಎಳನೀರಿಗೆ ಕೊಡುವಂಥ ಸ್ಟ್ರಾ, ದಾರ, ಟೇಪು ತೆಗೆದುಕೊಳ್ಳಿ. ರಟ್ಟಿನ ಮೇಲೆ ಕೈಯಿಟ್ಟು ಸುತ್ತ ಗೆರೆ ಎಳೆದು ಕತ್ತರಿಸಿ. ನಿಮ್ಮ ಬೆರಳಲ್ಲಿ ಗೆರೆ ಇರುವ ಕಡೆಯೆಲ್ಲ ರಟ್ಟನ್ನೂ ಒಳಮುಖವಾಗಿ ಮಡಚಿ. ಇವೇ ಕೀಲುಗಳು. ಹೆಬ್ಬೆರಳಿಗೆ ಎರಡು ಎಲುಬು, ಉಳಿದವಕ್ಕೆ ಮೂರು ಮೂರು. ಮಣಿಕಟ್ಟು ಸೇರಿ ಒಂದು ಕೈಯಲ್ಲೇ 27 ಎಲುಬುಗಳಿವೆ.

ಸ್ಟ್ರಾವನ್ನು ತುಂಡು ಮಾಡಿ, ಬೆರಳ ತುದಿಯ ಭಾಗ ಬಿಟ್ಟು ಉಳಿದ ಭಾಗಗಳಿಗೆ, ಅಂಗೈಗೂ ಅಂಟಿಸಿ. ಮಡಿಕೆಯ ಮೇಲೆ ಸ್ಟ್ರಾ ಬಂತೋ, ಬೆರಳು ಬಾಗುವುದೇ ಇಲ್ಲ. ದಾರದ ತುದಿಯನ್ನು ಬೆರಳ ತುದಿಗೆ ಟೇಪು ಹಾಕಿ ಭದ್ರ ಮಾಡಿ. ಉಳಿದದ್ದನ್ನು ಸ್ಟ್ರಾಗಳೊಳಗೆ ತೂರಿಸಿ ಮಣಿಕಟ್ಟಿನ ಕೆಳಗೆ ತನ್ನಿ. ಎಳೆಯಿರಿ, ಬೆರಳು ಮಡಚುತ್ತದೆ.

ಈಗ ದಾರವನ್ನು ವಾಪಸ್ ತಳ್ಳಿ. ದಾರ ಸುಮ್ನೆ ಸುರುಳಿಯಾಗುತ್ತದೆ. ರಟ್ಟಿನ ಬಿಗಿಗೆ ಬೆರಳು ಸ್ವಲ್ಪ ತೆರೆದುಕೊಂಡೀತು, ಪೂರ್ತಿ ನೆಟ್ಟಗಾಗದು. ಸ್ನಾಯುವಿನ ಕಥೆಯೂ ಇದೇ: ಎಳೆಯಲು ಬರುತ್ತದೆ, ತಳ್ಳಲು ಬರುವುದಿಲ್ಲ. ಹಾಗಾಗಿ ಬೆರಳು ಬಿಡಿಸುವ ಬೇರೆ ಸ್ನಾಯುಗಳು ಮುಂಗೈಯ ಹಿಂಬದಿಯಲ್ಲಿವೆ. ರಟ್ಟಿನ ಹಿಂಭಾಗಕ್ಕೂ ಹೀಗೇ ಸ್ಟ್ರಾ, ದಾರ ಹಾಕಿ. ತೋಳಿನಲ್ಲೂ ಇಂಥದೇ ಜೋಡಿ: ಬೈಸೆಪ್ಸ್ ಮೊಣಕೈ ಮಡಚುತ್ತದೆ, ಟ್ರೈಸೆಪ್ಸ್ ಬಿಡಿಸುತ್ತದೆ.

ಅಂಗೈ ಕಡೆಯ ಒಂದು ಸ್ಟ್ರಾ ಕಿತ್ತು ಮತ್ತೆ ಎಳೆಯಿರಿ. ದಾರ ಬಿಲ್ಲಿನ ಹೆದೆಯ ಹಾಗೆ ಎದ್ದು ನಿಲ್ಲುತ್ತದೆ, ಎಳೆತ ಪೋಲಾಗುತ್ತದೆ. ನಿಜವಾದ ಬೆರಳಲ್ಲಿ ಗಟ್ಟಿ ಪಟ್ಟಿಗಳು ರಜ್ಜುವನ್ನು ಎಲುಬಿಗೆ ಒತ್ತಿ ಹಿಡಿದಿರುತ್ತವೆ. ಬಾದಾಮಿಯಂಥ ಕಡೆ ಬಂಡೆ ಹತ್ತುವವರು ಮೈಭಾರವನ್ನೆಲ್ಲ ಬೆರಳ ಮೇಲೆ ಹಾಕುತ್ತಾರಲ್ಲ, ಅವರಿಗೆ ಈ ಪಟ್ಟಿ ಹರಿಯುವ ಅಪಾಯ ಜಾಸ್ತಿ.

ಇನ್ನೊಂದು ಪರೀಕ್ಷೆ ಮಾಡಲೇಬೇಕು. ಅಂಗೈಯನ್ನು ಮೇಜಿನ ಮೇಲಿಟ್ಟು ನಡುಬೆರಳನ್ನು ಒಳಕ್ಕೆ ಮಡಚಿ. ಈಗ ಉಂಗುರದ ಬೆರಳನ್ನು ಮಾತ್ರ ಎತ್ತಿ. ಹೆಚ್ಚಿನವರಿಗೆ ಆಗುವುದಿಲ್ಲ. ಹಿಂಗೈಯಲ್ಲಿ ಈ ಬೆರಳುಗಳ ರಜ್ಜುಗಳ ನಡುವೆ ಅಡ್ಡ ಕಟ್ಟುಗಳಿವೆ. ನಡುಬೆರಳು ಮಡಚಿದಾಗ ಪಕ್ಕದ ರಜ್ಜುವೂ ಅದರ ಜೊತೆ ಸಿಕ್ಕಿಕೊಳ್ಳುತ್ತದೆ. ರಟ್ಟಿನ ಕೈಯಲ್ಲಿ ಆ ಬೆರಳು ಸಲೀಸಾಗಿ ಏಳುತ್ತದೆ. ಹಿಂದಿನ ಆ ಎರಡು ದಾರಗಳ ನಡುವೆ ಒಂದು ಅಡ್ಡ ದಾರ ಬಿಗಿದು ಮತ್ತೆ ಪ್ರಯತ್ನಿಸಿ.