ಪುರೋಹಿತರು ಆಗಲ್ಲ ಅಂದಾಗ, ದೇವರನ್ನೂ ಬಿಡದೆ ಮನಸ್ಸಾಕ್ಷಿನೂ ಬಿಡದೆ ಇರೋದು ಹೇಗೆ

ನಂಗೆ ದೇವರು ಬೇಕು. ಬೆಳಿಗ್ಗೆ ದೀಪ ಹಚ್ಚದೆ ಮನೆಯಿಂದ ಹೊರಡಲ್ಲ, ಕಾರ್ತಿಕ ಸೋಮವಾರ ಗವಿಪುರಕ್ಕೆ ಹೋಗಿ ಗಂಗಾಧರೇಶ್ವರನ ಮುಂದೆ ನಿಲ್ಲದಿದ್ರೆ ಏನೋ ಕಳ್ಕೊಂಡಂಗೆ ಆಗುತ್ತೆ. ಆದ್ರೆ ಯಾರ ಮನೇಲಿ ಊಟ ಮಾಡಬಾರ್ದು, ಯಾರು ಮಂಟಪ ಹತ್ತಬಾರ್ದು, ಯಾರನ್ನ ಮದುವೆಯಾದ್ರೆ ಪಾಪ ಅಂತ ಮಠದವರೋ ಪುರೋಹಿತರೋ ಅಪ್ಪಣೆ ಕೊಟ್ಟಾಗ ಅದನ್ನ ದೇವರ ಮಾತು ಅಂತ ಒಪ್ಪೋಕೆ ನನ್ನಿಂದ ಆಗಲ್ಲ. ನಿಮ್ಮ ಮನೇಲೂ ಇಂಥ ಸಂದರ್ಭ ಬಂದಿದ್ರೆ, ನಾವು ಏನು ಮಾಡಿದ್ವಿ, ಯಾವುದು ಕೆಲಸಕ್ಕೆ ಬಂತು ಅಂತ ಹೇಳ್ತೀನಿ.

ನಮ್ಮಪ್ಪ ಹೋಗಿ ಎರಡು ವರ್ಷಕ್ಕೆ ತಂಗಿ ಮದುವೆ, ವಿಜಯನಗರದ ಒಂದು ಛತ್ರದಲ್ಲಿ. ಶಾಸ್ತ್ರಿಗಳು ಮನೆಗೆ ಬಂದು ಸಾಮಾನಿನ ಪಟ್ಟಿ ಬರೆಸಿ, ಏಳೋ ಹೊತ್ತಿಗೆ, 'ಧಾರೆಗೆ ಚಿಕ್ಕಪ್ಪ ಚಿಕ್ಕಮ್ಮ ಕೂರ್ಲಿ, ಅಮ್ಮ ಕೆಳಗೇ ಇರ್ಲಿ' ಅಂದ್ರು. ಯಾರಾದ್ರೂ ಬಾಯಿ ಬಿಡೋಕೆ ಮುಂಚೆ ಅಮ್ಮನೇ 'ಹೌದು ಹೌದು, ಅದೇ ಸರಿ' ಅಂದುಬಿಟ್ರು. ಅಡುಗೆಮನೆ ಬಾಗಿಲಲ್ಲಿ ನಿಂತು ಒಂದೇ ಸ್ಟೀಲ್ ಲೋಟನ ಸೀರೆ ಸೆರಗಲ್ಲಿ ಒರೆಸ್ತಾನೇ ಇದ್ರು, ಅದು ಆಗ್ಲೇ ಒಣಗಿತ್ತು.

ಅವತ್ತು ರಾತ್ರಿ ನಾನು ಮಾಡಿದ ಮೊದಲ ಕೆಲಸ ಬೇರ್ಪಡಿಸೋದು. ನಂಗೂ ದೇವರಿಗೂ ನಡುವೆ ಇರೋದು ಒಂದು, ಅಂದ್ರೆ ಪೂಜೆ, ಹರಕೆ, ಉಪವಾಸ, ಅಳೋದು, ಕೇಳ್ಕೊಳ್ಳೋದು. ಅಲ್ಲಿ ಯಾರ ಪರ್ಮಿಷನ್ನೂ ಬೇಡ. ಇಷ್ಟಲಿಂಗ ಕಟ್ಟಿದೋರು 12ನೇ ಶತಮಾನದಿಂದ ಅಂಗೈಯಲ್ಲೇ ದೇವರನ್ನ ಇಟ್ಕೊಂಡು ಪೂಜೆ ಮಾಡ್ಕೊಂಡು ಬಂದಿದ್ದಾರೆ, ಮಧ್ಯೆ ಅರ್ಚಕರು ಇಲ್ಲ. ಇನ್ನೊಂದು ಕ್ರಿಯೆ, ಮಂತ್ರ, ಮುಹೂರ್ತ, ಇದು ಕಲಿತೋರ ವಿದ್ಯೆ, ಅದನ್ನ ಅವರಿಗೆ ಬಿಡಿ, ಗೌರವದಿಂದ ಕೇಳಿ. ಮೂರನೇದು ಇನ್ನೊಬ್ಬ ಮನುಷ್ಯರ ಮೇಲೆ ಬರೋ ಅಪ್ಪಣೆ, ಇವರು ಮುಟ್ಟಬಾರ್ದು, ಅವರು ಬರಬಾರ್ದು ಅನ್ನೋದು. ತೂಗಿ ನೋಡಬೇಕಾಗಿರೋದು ಈ ಮೂರನೇದನ್ನ ಮಾತ್ರ. ನೋವು ಯಾರಿಗೆ ಬೀಳುತ್ತೆ, ಅಪ್ಪಣೆ ಕೊಟ್ಟೋರಿಗೆ ಏನಾದ್ರೂ ಹೋಗುತ್ತಾ ಅಂತ ಕೇಳ್ಕೊಳ್ಳಿ. ನಮ್ಮ ಮನೇಲಿ ನೋವೆಲ್ಲ ಒಬ್ಬರ ಮೇಲೇ ಬೀಳ್ತಿತ್ತು, ಗಂಡನ್ನ ಕಳ್ಕೊಂಡು ಆಗ್ಲೇ ಎರಡು ವರ್ಷದಿಂದ ಅಳ್ತಿದ್ದೋರ ಮೇಲೆ.

ಆಮೇಲೆ, ಇದು ಶಾಸ್ತ್ರನಾ ಇಲ್ಲ ರೂಢಿನಾ ಅಂತ ಕೇಳಿ. ಕೋಪದಲ್ಲಿ ಬೇಡ, ತಿಳ್ಕೊಳ್ಳೋಕೆ ಕೇಳಿ, ಎಷ್ಟೋ ಸಲ ಹೇಳ್ತಿರೋರಿಗೇ ಅದು ಎಲ್ಲಿಂದ ಬಂತು ಗೊತ್ತಿರಲ್ಲ. ನಾನು ಹುಡುಕಿದಾಗ ಯಾಜ್ಞವಲ್ಕ್ಯ ಸ್ಮೃತಿ ಆಚಾರಾಧ್ಯಾಯದಲ್ಲಿ ಕನ್ಯಾದಾನ ಯಾರು ಮಾಡಬಹುದು ಅಂತ ಪಟ್ಟಿನೇ ಸಿಕ್ತು: ತಂದೆ, ಅಜ್ಜ, ಅಣ್ಣತಮ್ಮ, ಕುಲದವರು, ತಾಯಿ, ಮುಂಚಿನೋರು ಇಲ್ಲ ಅಂದ್ರೆ ಮುಂದಿನೋರು. ಕೊನೇಲಿ ಆದ್ರೂ ತಾಯಿ ಹೆಸರು ಇದೆ. ಮನುಸ್ಮೃತಿನೂ ಧರ್ಮ ಗೊತ್ತಾಗೋ ನಾಲ್ಕು ದಾರಿ ಹೇಳುವಾಗ ವೇದ, ಸ್ಮೃತಿ, ಸದಾಚಾರದ ಜೊತೆ ತನ್ನ ಮನಸ್ಸಿಗೆ ಒಪ್ಪೋದನ್ನೂ ಸೇರಿಸುತ್ತೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನ ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪನೆ ಮಾಡಿದ್ದು, ಅಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನೇ ಅರ್ಚಕರನ್ನಾಗಿ ಮಾಡಿದ್ರು. ಇದೆಲ್ಲ ತಿಳ್ಕೊಂಡ್ರೆ ಮಾತಾಡೋಕೆ ಧೈರ್ಯ ಬರುತ್ತೆ ನಿಜ, ಆದ್ರೆ ಒಂದು ಮಾತು, ಆ ಶ್ಲೋಕ ಸಿಗದೇ ಇದ್ದಿದ್ರೂ ನಾನು ಅಮ್ಮನ್ನ ಮಂಟಪಕ್ಕೆ ಕರೀತಿದ್ದೆ. ಪುಸ್ತಕದಲ್ಲಿ ಇದ್ರೆ ಮಾತ್ರ ಅಮ್ಮ ಬರಬಹುದು ಅಂದ್ರೆ ನಾಳೆ ಬೇರೆ ಪುಸ್ತಕ ತಂದು ಬೇಡ ಅಂತಾರೆ.

ಬೇರೆ ಧರ್ಮದವರಿಗೂ ಇದೇ ದಾರಿ ಇದೆ. ಕ್ಯಾಥೊಲಿಕ್ ಚರ್ಚಿನ ಅಧಿಕೃತ ಧರ್ಮೋಪದೇಶದಲ್ಲೇ ಮನುಷ್ಯ ತನ್ನ ಆತ್ಮಸಾಕ್ಷಿಯ ಖಚಿತ ತೀರ್ಪನ್ನ ಪಾಲಿಸಲೇಬೇಕು ಅಂತಿದೆ, ಮುಸ್ಲಿಮರಲ್ಲಿ ನಿನ್ನ ಹೃದಯವನ್ನ ಕೇಳು ಅನ್ನೋ ಹದೀಸ್, ಅಂದ್ರೆ ಪ್ರವಾದಿಯವರ ಮಾತು, ಇದೆ. ನಮ್ಮ ಸಂವಿಧಾನನೂ ಎರಡನ್ನ ಬೇರೆ ಬೇರೆ ಇಟ್ಟಿದೆ, 25ನೇ ವಿಧಿ ಒಬ್ಬೊಬ್ಬರ ಅಂತಃಸಾಕ್ಷಿ ಸ್ವಾತಂತ್ರ್ಯಕ್ಕೆ, 26ನೇ ವಿಧಿ ಧಾರ್ಮಿಕ ಪಂಗಡಗಳು ತಮ್ಮ ವ್ಯವಹಾರ ತಾವೇ ನಡೆಸೋಕೆ.

ಈಗ ಮಾತಾಡೋದು ಹೇಗೆ. ಮುಹೂರ್ತದ ಹೊತ್ತಲ್ಲಿ, ಛತ್ರದಲ್ಲಿ, ನಾಲ್ಕು ಜನರ ಮುಂದೆ ಖಂಡಿತ ಬೇಡ, ಅಲ್ಲಿ ಅವರಿಗೆ ಮರ್ಯಾದೆ ಪ್ರಶ್ನೆ ಆಗುತ್ತೆ, ಮದುಮಗಳ ಕಣ್ಣಲ್ಲಿ ನೀರು ಬರುತ್ತೆ. ಕಡೇಪಕ್ಷ ಎರಡು ವಾರ ಮುಂಚೆ ಅವರ ಮನೆಗೇ ಹೋಗಿ. ನಾನು ಮತ್ತೆ ಚಿಕ್ಕಪ್ಪ ಹೋದ್ವಿ, ಚಿಕ್ಕಪ್ಪನ್ನ ಒಪ್ಪಿಸಿದ್ದೇ ದೊಡ್ಡ ಕೆಲಸ, ಯಾಕಂದ್ರೆ ಆ ಜಾಗ ಅವರಿಗೆ ಸಿಕ್ಕಿತ್ತು, ಬಿಟ್ಟುಕೊಡಬೇಕಾದೋರು ಅವರು. 'ತಪ್ಪು ತಿಳ್ಕೋಬೇಡಿ ಶಾಸ್ತ್ರಿಗಳೇ, ಅತ್ತಿಗೆನೇ ಧಾರೆ ಎರೀಲಿ ಅಂತ ನಮ್ಮಾಸೆ, ದೋಷ ಬಂದ್ರೆ ನಮಗೇ ಬರ್ಲಿ, ನೀವು ಮಂತ್ರ ಹೇಳಿಕೊಡಿ ಸಾಕು' ಅಂತ ಚಿಕ್ಕಪ್ಪನೇ ಅಂದ್ರು. ಶಾಸ್ತ್ರಿಗಳು ಸುಮಾರು ಹೊತ್ತು ಸುಮ್ನಿದ್ದು ನಿಮ್ಮಿಷ್ಟ ಅಂದ್ರು. ಅಷ್ಟು ಸಾಕು, ಅವರ ಮನಸ್ಸು ಪೂರ್ತಿ ಬದಲಾಗಲಿ ಅಂತ ಕಾಯ್ತಾ ಕೂರಬೇಡಿ. ಒಪ್ಪದೇ ಇದ್ರೆ ಬೇರೆಯವರನ್ನ ಹುಡುಕೋಕೆ ಟೈಮ್ ಇರ್ಲಿ ಅಂತಾನೇ ಎರಡು ವಾರ ಅಂದಿದ್ದು. ಪುರೋಹಿತರೇ ಬೇಡ ಅನ್ಸಿದ್ರೆ ಕುವೆಂಪು ಅವರ ಮಂತ್ರ ಮಾಂಗಲ್ಯದ ದಾರಿ, ಅಂದ್ರೆ ಪುರೋಹಿತರಿಲ್ಲದ ಸರಳ ಮದುವೆ, ಇದೆ. 1954ರ ವಿಶೇಷ ವಿವಾಹ ಕಾಯ್ದೆಲೂ ಆಗಬಹುದು, ಆದ್ರೆ ಅದಕ್ಕೆ 30 ದಿನದ ನೋಟಿಸ್, ಮೂರು ಜನ ಸಾಕ್ಷಿ ಬೇಕು, ಕೊನೇ ವಾರದಲ್ಲಿ ಓಡಿದ್ರೆ ಆಗಲ್ಲ.

ಮರೀಬಾರದ ವಿಷಯ, ಯಾರ ಪರವಾಗಿ ಹೋರಾಡ್ತೀರೋ ಅವರನ್ನ ಕೇಳಿ. ನಾನು ಇದನ್ನ ತಡವಾಗಿ ಮಾಡಿದೆ. ಅಮ್ಮ ಬೇಡ ಅಂದ್ರು, ಮಗಳಿಗೆ ಏನಾದ್ರೂ ಆದ್ರೆ ಜನ ನನ್ನ ಮೇಲೇ ಹಾಕ್ತಾರೆ ಅಂದ್ರು, ಆ ಭಯ ಸುಳ್ಳಲ್ಲ. ಮೂರು ದಿನ ಬಿಟ್ಟು ತಂಗಿ ಹೋಗಿ ಪಕ್ಕದಲ್ಲಿ ಮಲಗಿ ನೀನಿಲ್ಲದೆ ನಾನು ಕೂರಲ್ಲಮ್ಮ ಅಂದ್ಮೇಲೆ ಹೂಂ ಅಂದ್ರು. ಅವರು ಕೊನೇವರೆಗೂ ಬೇಡ ಅಂದಿದ್ರೆ ಬಿಡಬೇಕಿತ್ತು, ಅವರ ನಂಬಿಕೆನೂ ನಂಬಿಕೆನೇ.

ನಮ್ಮ ಮನಸ್ಸಾಕ್ಷಿನೂ ಪರೀಕ್ಷೆ ಮಾಡ್ಕೋಬೇಕು, ಯಾಕಂದ್ರೆ ಕಷ್ಟ ಅನ್ಸಿದ್ದನ್ನೆಲ್ಲ ತಪ್ಪು ಅನ್ನೋದು ಸುಲಭ. ನನ್ನ ನಿರ್ಧಾರದಿಂದ ನಂಗೆ ಆರಾಮ ಆಗ್ತಿದೆಯಾ ಇಲ್ಲ ಇನ್ನೊಬ್ಬರಿಗೆ ಒಳ್ಳೇದಾಗ್ತಿದೆಯಾ ನೋಡಿ. ಹಾಗೇ ಸಂಸ್ಥೆಗಳನ್ನೆಲ್ಲ ಒಂದೇ ತಕ್ಕಡೀಲಿ ಹಾಕಬೇಡಿ. ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ಊಟ, ವಸತಿ, ಓದು ಪುಕ್ಕಟೆ ಸಿಗುತ್ತೆ, ಅಂಥ ಕಡೆ ತಲೆ ತಾನಾಗೇ ಬಾಗುತ್ತೆ, ಆ ಅಧಿಕಾರ ದುಡಿದು ಸಂಪಾದಿಸಿದ್ದು.

ಎಲ್ಲದಕ್ಕೂ ಮೃದು ಮಾತು ಸಾಲಲ್ಲ ಅನ್ನೋದೂ ಗೊತ್ತಿರ್ಲಿ. ಮುಟ್ಟಾದ ಹೆಂಗಸರನ್ನ ಬಲವಂತವಾಗಿ ಊರಾಚೆ ಇಡೋದು, ಮೈಯಿಂದ ದೆವ್ವ ಬಿಡಿಸ್ತೀನಿ ಅಂತ ಹೊಡೆಯೋದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ ಪ್ರಕಾರ ಅಪರಾಧ, 2020ರಿಂದ ಜಾರಿಯಲ್ಲಿದೆ. ಪೂಜೆ, ಯಾತ್ರೆ, ಹರಿಕಥೆಗೆ ಅದರಿಂದ ಏನೂ ತೊಂದರೆ ಇಲ್ಲ. ಅಂಥದ್ದು ಕಂಡ್ರೆ ನೇರ ಪೊಲೀಸ್ ಸ್ಟೇಷನ್.

ಮದುವೆ ದಿನ ಚಿಕ್ಕಮ್ಮ ಅಮ್ಮನ ಮೊಣಕೈ ಹಿಡ್ಕೊಂಡೇ ಮಂಟಪ ಹತ್ತಿಸಿದ್ರು. ಸಂಕಲ್ಪಕ್ಕೆ ಶಾಸ್ತ್ರಿಗಳು 'ಅಮ್ಮ, ನಿಮ್ಮ ಹೆಸರು ಹೇಳಿ' ಅಂದ್ರು, ಅಮ್ಮನ ದನಿ ಕೇಳಿಸ್ಲಿಲ್ಲ, ಇನ್ನೊಂದ್ಸಲ ಕೇಳಿದ್ರು, ಆಗ ಜೋರಾಗಿ ಹೇಳಿದ್ರು. ಧಾರೆ ನೀರು ತೆಂಗಿನಕಾಯಿ ಮೇಲಿಂದ ತಂಗಿ ಕೈಗೆ ಇಳಿಯುವಾಗ ಚೊಂಬು ನಡುಗ್ತಿತ್ತು, ಅಷ್ಟೇ. ಶಾಸ್ತ್ರಿಗಳಿಗೆ ದಕ್ಷಿಣೆ ಮಾತಾಡಿದ್ದಕ್ಕಿಂತ ಕಮ್ಮಿ ಮಾಡಬೇಡಿ, ನಮ್ಮ ಜೊತೆ ಅವರೂ ತಮ್ಮವರ ಹತ್ರ ಮಾತು ಕೇಳಬೇಕಾಗುತ್ತೆ.

ಇನ್ನು ನೆಂಟರು. ಫೋನ್ ಬರುತ್ತೆ, ವಾದ ಮಾಡಬೇಡಿ, ಹೌದು ಹಾಗೆ ಮಾಡಿದ್ವಿ, ಅಮ್ಮ ಇರಬೇಕು ಅನ್ನಿಸ್ತು ಅಂತ ಒಂದೇ ಮಾತು ಹೇಳಿ. ನಮ್ಮ ದೊಡ್ಡಮ್ಮ ಅವತ್ತಿಂದ ಮಾತು ಬಿಟ್ಟಿದ್ದಾರೆ. ಸಂಕ್ರಾಂತಿಗೆ ಅಮ್ಮ ಎಳ್ಳುಬೆಲ್ಲ, ಕಬ್ಬು ಕೊಟ್ಟು ನನ್ನ ಕಳಿಸಿದ್ರು. ಬಾಗಿಲಲ್ಲೇ ನಿಂತು ಈಸ್ಕೊಂಡ್ರು, ಒಳಗೆ ಬಾ ಅನ್ಲಿಲ್ಲ. ಮುಂದಿನ ಸಂಕ್ರಾಂತಿಗೂ ಹೋಗ್ತೀನಿ.